ಬಲಮುರಿ ಪ್ರೊಪೆಲ್ಲರು

"ತಿರುಗೋ ವಸ್ತು ಯಾವುದೇ ಇರ್ಲಿ, ಅದು ನನ್ನ ಮಾತು ಕೇಳಲೇಬೇಕು" ಎಂದು ಚನ್ನವೀರಪ್ಪನವರು ಬಸವೇಶ್ವರನಗರದ ತಮ್ಮ ಅಡುಗೆಮನೆಯಲ್ಲಿ ನಿಂತು ಘೋಷಿಸಿದರು.

"ಮೊನ್ನೆ ಮಿಕ್ಸಿ ಕೇಳಿತಲ್ಲ, ಆ ಥರಾನಾ?" ಎಂದರು ಅವರ ಹೆಂಡತಿ ಕಲ್ಯಾಣಮ್ಮ, ರೊಟ್ಟಿ ಮಗುಚುತ್ತ.

ಚನ್ನವೀರಪ್ಪನವರು ರಿಪೇರಿ ಮಾಡಿಕೊಟ್ಟ ಮಿಕ್ಸಿ ಮೊದಲ ಸುತ್ತಿನಲ್ಲೇ ಕಾಯಿಚಟ್ನಿಯನ್ನು ತಾರಸಿಗೆ ಬಳಿದಿತ್ತು. ಹಸಿರು ಕಲೆ ಇನ್ನೂ ಅಲ್ಲೇ ಇತ್ತು. ಅವರು ಮೇಲೆ ನೋಡಲಿಲ್ಲ. ದೊಡ್ಡ ಕೆಲಸಕ್ಕೆ ಹೊರಟವರು ಚಟ್ನಿಯ ಲೆಕ್ಕ ಇಡುತ್ತಾರೆಯೇ?

ರಾಜಾಜಿನಗರದ ಇಂಡಸ್ಟ್ರಿಯಲ್ ಟೌನಿನಲ್ಲಿ ಅವರದೊಂದು ಷೆಡ್ಡು. ಇಪ್ಪತ್ತೆಂಟು ವರ್ಷಗಳಿಂದ ಅಲ್ಲಿ ಫ್ಯಾನಿನ ರೆಕ್ಕೆ, ಕೂಲರಿನ ರೆಕ್ಕೆ, ಪಂಪಿನೊಳಗಿನ ಚಕ್ರ, ಒಟ್ಟಿನಲ್ಲಿ ಗಿರಗಿರ ಅನ್ನುವುದನ್ನೆಲ್ಲ ಎರಕ ಹೊಯ್ದು ಉಜ್ಜಿ ಕೊಡುತ್ತಿದ್ದರು. ಆದರೆ ಎರಡು ಸಾವಿರದ ಆರನೇ ಇಸವಿ ಬರುವ ಹೊತ್ತಿಗೆ ಎಡಗಡೆಯ ಷೆಡ್ಡು ಜಿಮ್ ಆಗಿತ್ತು, ಬಲಗಡೆಯದು ಪಾರ್ಟಿ ಹಾಲ್ ಆಗಿತ್ತು, ಎದುರಿನದು ಗ್ರಾನೈಟ್ ಷೋರೂಮು. ನಡುವೆ ಚನ್ನವೀರಪ್ಪನವರ ಷೆಡ್ಡೊಂದೇ ಇನ್ನೂ ಹೊಗೆ ಬಿಡುತ್ತಿತ್ತು, ಅದೂ ವಾರಕ್ಕೆ ಎರಡು ದಿನ.

ಕಲ್ಯಾಣಮ್ಮನ ತಮ್ಮ ಬಾಳೇಶನಿಗೆ ವಿಜಯನಗರದಲ್ಲಿ ಸೋಫಾ ಅಂಗಡಿ. ಅವನ ಕಣ್ಣು ಆ ಷೆಡ್ಡಿನ ಮೇಲೆ ಬಿದ್ದು ಆರು ತಿಂಗಳಾಗಿತ್ತು. "ಗೋಡೌನ್‌ಗೆ ಕೊಡಿ ಭಾವ, ನೀವು ಮನೇಲಿ ಆರಾಮಾಗಿರಿ" ಎನ್ನುತ್ತಿದ್ದ. ಆ ಆರಾಮು ಅನ್ನುವ ಮಾತು ಕೇಳಿದರೆ ಚನ್ನವೀರಪ್ಪನವರ ಎದೆ ಧಸಕ್ಕೆನ್ನುತ್ತಿತ್ತು. ಷೆಡ್ಡು ಹೋದರೆ ಬೆಳಿಗ್ಗೆ ಒಂಬತ್ತರ ಮೇಲೆ ಹೋಗುವುದೆಲ್ಲಿಗೆ? ಹೆಂಡತಿಯ ಎದುರು ಕೂತು ಅವರೆಕಾಯಿ ಸುಲಿಯುವುದೇ ಗತಿ. ಅದಕ್ಕಿಂತ ಹೆಚ್ಚಿನ ಅಧೋಗತಿ ಅವರಿಗೆ ಹೊಳೆಯುತ್ತಿರಲಿಲ್ಲ.

ಇಂಥ ಸಂಕಟದ ಹೊತ್ತಿನಲ್ಲಿ ಷೆಡ್ಡಿನ ಬಾಗಿಲಿಗೆ ಬಂದವನು ಲೇಔಟ್ ಭರಮಪ್ಪ. ಕೆಂಗೇರಿ ದಾಟಿ, ಇನ್ನೂ ದಾಟಿ, ದಾರಿ ಕೇಳಲು ಮನುಷ್ಯರೇ ಸಿಗದಷ್ಟು ದಾಟಿದರೆ ಒಂದು ಜಲಾಶಯ ಸಿಗುತ್ತದೆ. ಅದರ ದಂಡೆಯಲ್ಲಿ ಅವನು ಕಲ್ಲು ನೆಟ್ಟು 'ವೆನಿಸ್ ಪ್ಯಾರಡೈಸ್' ಎಂಬ ಲೇಔಟ್ ಮಾಡಿದ್ದ. ನಗರದ ಹೃದಯಭಾಗದಿಂದ ಕೇವಲ ಇಪ್ಪತ್ತು ನಿಮಿಷ ಎಂದು ಪಾಂಪ್ಲೆಟ್ಟಿನಲ್ಲಿ ಅಚ್ಚಾಗಿತ್ತು. ಯಾವ ನಗರ ಎಂದು ಅಚ್ಚಾಗಿರಲಿಲ್ಲ. ಸೈಟು ಕೊಳ್ಳಲು ಬರುವವರ ಕಣ್ಣು ಕುಕ್ಕಲು ಗೋವಾದಿಂದ ರೇಸಿನ ಬೋಟೊಂದನ್ನು ತರಿಸಿದ್ದ. ಹಿಂದೆ ಎರಡು ಭಾರಿ ಇಂಜಿನ್ನು, ಒಂದೊಂದಕ್ಕೆ ಒಂದೊಂದು ಪ್ರೊಪೆಲ್ಲರು. ಬಂದ ಮೂರನೇ ದಿನವೇ ನೀರೊಳಗಿನ ಬಂಡೆಗೆ ಬಡಿದು ಎರಡರ ರೆಕ್ಕೆಗಳೂ ಸೊಟ್ಟಗಾಗಿ, ಅಲ್ಲಲ್ಲಿ ಮುರಿದಿದ್ದವು.

"ಹೊಸಾದು ಬರೋಕ್ಕೆ ಎರಡು ತಿಂಗ್ಳಂತೆ ಸಾರ್. ಭಾನುವಾರ ಐನೂರು ಜನ ಬರ್ತಾ ಇದಾರೆ. ಬೋಟು ಬಾಣದ ಥರ ಹೋಗ್ಬೇಕು" ಎಂದ ಭರಮಪ್ಪ. "ರಿಪೇರಿ ಹೆಂಗೂ ಮಾಡ್ತೀರಿ, ಹಂಗೇ ಸ್ವಲ್ಪ ಸ್ಪೀಡೂ ಜಾಸ್ತಿ ಮಾಡ್ಬಿಡಿ."

ಚನ್ನವೀರಪ್ಪನವರು ಪ್ರೊಪೆಲ್ಲರನ್ನು ಅಂಗೈಯಲ್ಲಿಟ್ಟು ತೂಗಿದರು. ಮೂರು ರೆಕ್ಕೆ. ಕೂಲರಿನ ಫ್ಯಾನಿಗೆ ನಾಲ್ಕಿರುತ್ತವೆ. ಅಂದಮೇಲೆ ಇದು ಅದಕ್ಕಿಂತ ಸುಲಭ!

ಆ ರಾತ್ರಿ ಊಟಕ್ಕೆ ಕೂತಾಗ ಹೆಂಡತಿಯ ಮುಂದೆ ಪಂಥ ಹೂಡಿಯೇಬಿಟ್ಟರು. "ಭಾನುವಾರ ಬೋಟು ನೆಟ್ಟಗೆ ಓಡ್ತು ಅಂದ್ರೆ ಷೆಡ್ಡಿನ ಮಾತು ಈ ಮನೇಲಿ ಇನ್ನು ಯಾರೂ ಎತ್ತಬಾರದು. ಓಡಲಿಲ್ವಾ, ಅಲ್ಲೇ ದಡದ ಮೇಲೇ ಬೀಗದಕೈ ನಿನ್ನ ತಮ್ಮನ ಕೈಗೆ."

"ಹಾಗಾದ್ರೆ ಬಾಳೇಶನ್ನ ಕರ್ಕೊಂಡೇ ಬರ್ತೀನಿ. ನಾನು ಬೋಟಲ್ಲೇ ಕೂತು ನೋಡ್ತೀನಿ" ಎಂದರು ಕಲ್ಯಾಣಮ್ಮ.

ಕೆಲಸ ಶುರುವಾಯಿತು. ಷೆಡ್ಡಿನಲ್ಲಿ ಉಳಿದಿದ್ದ ಏಕೈಕ ಕೆಲಸಗಾರ ದೊಡ್ಡಹನುಮಯ್ಯ. ಮಾಗಡಿ ಕಡೆಯವನು, ಇಪ್ಪತ್ತಾರು ವರ್ಷಗಳ ಸರ್ವಿಸು, ದಿನಕ್ಕೆ ಹತ್ತು ಮಾತು. ಮುರಿದಲ್ಲಿ ಚನ್ನವೀರಪ್ಪನವರು ತಾವೇ ವೆಲ್ಡಿಂಗ್ ತುಂಬಿದರು. ಸ್ಪೀಡಿಗೆಂದು ರೆಕ್ಕೆಗಳನ್ನು ಇನ್ನಷ್ಟು ತಿರುಚಿದರು, ಅಂಚನ್ನು ಸೌಟಿನ ಬಾಯಿಯ ಹಾಗೆ ತುಸು ಒಳಕ್ಕೆ ಬಾಗಿಸಿದರು. ಗುರುವಾರ ಜಲಾಶಯದಲ್ಲಿ ಮೊದಲ ಪರೀಕ್ಷೆ.

ಬೋಟು ಓಡಿತು. ನೆಟ್ಟಗೇ ಓಡಿತು. ಆದರೆ ಕಲ್ಲುದಾರಿಯಲ್ಲಿ ಹೊರಟ ಹಳೇ ಟೆಂಪೋದ ಹಾಗೆ ಗಡಗಡ ನಡುಗಿತು. ಡ್ರೈವರ್ ಫಕೀರೇಶ ಗದಗಿನ ಕಡೆಯವನು, ಮಲಪ್ರಭೆಯಲ್ಲಿ ಈಜಿ ಬೆಳೆದವನು, ಯಾವುದಕ್ಕೂ ಹೆದರುವ ಪೈಕಿಯಲ್ಲ. ಅವನೇ ದವಡೆ ಹಿಡಿದುಕೊಂಡು ಇಳಿದ.

"ಸರ, ನನ್ನ ಹಲ್ಲು ಅಳ್ಳಾಡಾಕತ್ತಾವ್ರೀ."

ದೊಡ್ಡಹನುಮಯ್ಯ ಎಡಗಡೆಯ ಪ್ರೊಪೆಲ್ಲರನ್ನು ಬೆರಳಿನಿಂದ ಮುಟ್ಟಿ ನೋಡಿದ. "ಇದ್ರಾಗೆ ಒಂದು ರೆಕ್ಕೆ ಭಾರ ಆಗೈತೆ ಸಾರ್. ವೆಲ್ಡಿಂಗು ಜಾಸ್ತಿ ಬಿದ್ದೈತೆ. ಅರ ಹಾಕಿ ಉಜ್ಜಿದ್ರೆ ಸರಿ ಹೋಯ್ತದೆ."

ಎಷ್ಟು ಸಣ್ಣ ಕಾರಣ! ಅದರಲ್ಲೂ ವೆಲ್ಡಿಂಗು ಯಾರದು? ಮಾಲೀಕರದು. ಮಾಲೀಕರ ವೆಲ್ಡಿಂಗಿನಲ್ಲಿ ತಪ್ಪಿರಲು ಶಾಸ್ತ್ರದಲ್ಲಿ ಅವಕಾಶವಿಲ್ಲ. ಚನ್ನವೀರಪ್ಪನವರು ಇನ್ನೂ ಘನವಾದ ಕಾರಣವನ್ನು ಹುಡುಕುತ್ತ ಇಂಜಿನ್ನುಗಳನ್ನು ನೀರಿನಿಂದ ಮೇಲಕ್ಕೆತ್ತಿಸಿ, ಒಂದು ಕ್ಷಣ ಚಾಲೂ ಮಾಡಿಸಿ, ಹಿಂದೆ ನಿಂತು ನೋಡಿದರು. ಬಲಗಡೆಯದು ಬಲಕ್ಕೆ ತಿರುಗಿತು. ಎಡಗಡೆಯದು ಎಡಕ್ಕೆ!

"ಸಿಕ್ಕಿಬಿತ್ತು ಕಳ್ಳ! ಒಂದು ಬಲಮುರಿ, ಒಂದು ಎಡಮುರಿ. ಒಂದು ಪ್ರದಕ್ಷಿಣೆ, ಇನ್ನೊಂದು ಅಪ್ರದಕ್ಷಿಣೆ. ಒಂದೇ ದೋಣೀಲಿ ಎರಡಕ್ಕೂ ಜಗಳ ಹತ್ತಿದ್ರೆ ನಡುಗದೆ ಇನ್ನೇನಾಗುತ್ತೆ? ಈ ಫಾರಿನ್‌ನವರಿಗೆ ಯಾವುದು ಶುಭ, ಯಾವುದು ಅಶುಭ ಅನ್ನೋದೇ ಗೊತ್ತಿಲ್ಲ."

ಷೆಡ್ಡಿಗೆ ಮರಳಿದವರೇ ಬಲಗಡೆಯ ಪ್ರೊಪೆಲ್ಲರನ್ನೇ ಮರಳಿನ ಅಚ್ಚಿಗೆ ಒತ್ತಿ, ಅಂಥದೇ ಇನ್ನೊಂದನ್ನು ಎರಕ ಹೊಯ್ಯಲು ಕೂತರು. ದೊಡ್ಡಹನುಮಯ್ಯ ಆ ದಿನದ ಹತ್ತು ಮಾತುಗಳನ್ನೂ ಒಟ್ಟಿಗೇ ಖರ್ಚು ಮಾಡಿದ.

"ರೆಕ್ಕೆ ಬದ್ಲಾಯಿಸ್ತೀರಿ ಸರಿ ಸಾರ್. ಇಂಜಿನ್ನು ಎಡಕ್ಕೇ ತಿರುಗೋದಲ್ವಾ, ಅದನ್ಯಾರು ಬದ್ಲಾಯಿಸ್ತಾರೆ?"

"ಎತ್ತು ಹೋದ ಕಡೆ ಗಾಡಿ ಕಣಯ್ಯ. ಪ್ರೊಪೆಲ್ಲರ್ ಹೇಗಿದೆಯೋ ಇಂಜಿನ್ ಹಾಗೆ ತಿರುಗುತ್ತೆ."

"ಎತ್ತು ಅಂದ್ರೆ ಇಂಜಿನ್ನು ಅಲ್ವಾ ಸಾರ್?"

"ನೀನು ಮರಳು ಜರಡಿ ಹಿಡಿ."

"ಮನೇಲಿ ಇಕ್ಕೋ ಗಣಪನ ಸೊಂಡ್ಲೂ ಎಡಕ್ಕೇ ಇರ್ತದೆ ಸಾರ್" ಎಂದು ಗೊಣಗಿ ಅವನು ಜರಡಿ ಹಿಡಿದ.

ಹೊಸ ಪ್ರೊಪೆಲ್ಲರು ಹೊಳಪಾಗಿ ಸಿದ್ಧವಾದಾಗ ಭಾನುವಾರ ಬೆಳಗಾಗಿತ್ತು. ಎರಡನೇ ಪರೀಕ್ಷೆಗೆ ಹೊತ್ತೆಲ್ಲಿ? ಬಲಮುರಿಗೆ ಪರೀಕ್ಷೆ ಬೇರೆ ಬೇಕೆ? ಕುಂಕುಮ ಹಚ್ಚಿಸಿಕೊಂಡು ಅದು ನೇರ ಎಡಗಡೆಯ ಇಂಜಿನ್ನನ್ನೇರಿತು.

ದಂಡೆಯ ಮೇಲೆ ಶಾಮಿಯಾನ, ಬಿಟ್ಟಿ ಪಲಾವು, ಮೈಕಿನಲ್ಲಿ ಭರಮಪ್ಪ. ಐನೂರಲ್ಲ, ಎಂಟುನೂರು ಜನ ಬಂದಿದ್ದರು. ಪಲಾವಿನ ಸುದ್ದಿ ಬಾಪೂಜಿ ನಗರದವರೆಗೂ ಹಬ್ಬಿತ್ತು. ಮುಂದಿನ ಸಾಲಿನಲ್ಲಿ ಬಾಳೇಶ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ರೇಷ್ಮೆ ಸೀರೆಯುಟ್ಟ ಕಲ್ಯಾಣಮ್ಮ ಬೋಟಿನ ಮುಂದಿನ ಸೀಟಿನಲ್ಲಿ ನ್ಯಾಯಾಧೀಶರಂತೆ ಆಸೀನರಾದರು. ಪಕ್ಕದಲ್ಲಿ ಚನ್ನವೀರಪ್ಪನವರು, ಜೇಬಿನಲ್ಲಿ ಷೆಡ್ಡಿನ ಬೀಗದಕೈ. ಅದನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ಅಳುಕಿತ್ತು, ಸುಳ್ಳೇಕೆ ಹೇಳಲಿ.

ಹುಟ್ಟು ಹಾಕಿ ಬೋಟನ್ನು ನಡುನೀರಿಗೆ ಒಯ್ದ ಫಕೀರೇಶ ಎರಡು ಇಂಜಿನ್ನುಗಳನ್ನೂ ಒಟ್ಟಿಗೇ ಚಾಲೂ ಮಾಡಿದ. ಬೋಟು ಗರ್ಜಿಸಿತು. ಆಮೇಲೆ ಇದ್ದಲ್ಲೇ ಮೆಲ್ಲಗೆ ಮುಖ ತಿರುವಿತು.

"ರೀ, ಬಾಳೇಶ ಕಾಣಿಸ್ತಾ ಇದಾನೆ" ಎಂದರು ಕಲ್ಯಾಣಮ್ಮ.

"ಕಾಣಿಸ್ಲಿ ಬಿಡು."

"ರೀ, ಗುಡ್ಡ. ರೀ, ಮತ್ತೆ ಬಾಳೇಶ."

"ಸರ, ಇದು ಮುಂದ ಹೋಗವಲ್ದ್ರೀ" ಎಂದ ಫಕೀರೇಶ.

"ವೇಗ ಸಾಲದು ಕಣಪ್ಪ. ಇನ್ನೂ ಕೊಡು, ನೆಟ್ಟಗಾಗುತ್ತೆ."

ಫಕೀರೇಶ ಕೊಟ್ಟ. ಬಲಗಡೆಯ ಇಂಜಿನ್ನು ಮುಂದಕ್ಕೆ ನೂಕಿತು, ಬಲಮುರಿ ರೆಕ್ಕೆಯನ್ನು ಎಡಕ್ಕೆ ತಿರುಗಿಸುತ್ತಿದ್ದ ಎಡಗಡೆಯದು ಅಷ್ಟೇ ನಿಷ್ಠೆಯಿಂದ ಹಿಂದಕ್ಕೆ ಎಳೆಯಿತು, ಬೋಟು ಬುಗುರಿಯಾಯಿತು. ಗುಡ್ಡ, ಬಾಳೇಶ, ಶಾಮಿಯಾನ, ಗುಡ್ಡ, ಬಾಳೇಶ, ಶಾಮಿಯಾನ. ಚನ್ನವೀರಪ್ಪನವರ ಕನ್ನಡಕ ಹಾರಿ ನೀರಿಗೆ ಬಿತ್ತು. ಕಲ್ಯಾಣಮ್ಮ ಗಂಡನ ಕಾಲರನ್ನು ಹಿಡಿದುಕೊಂಡರು, ಪ್ರೀತಿಯಿಂದಲ್ಲ.

"ರೀ, ಪಲಾವಿನ ಪಾತ್ರೇನ ಐದನೇ ಸಲ ನೋಡ್ತಾ ಇದೀನಿ."

ದಂಡೆಯ ಮೇಲೆ ಗುಸುಗುಸು ಶುರುವಾಯಿತು. ಆದರೆ ಭರಮಪ್ಪ ಯಾರು? ಬರೀ ಕಲ್ಲು ನೆಟ್ಟು ವೆನಿಸ್ ಎಂದು ನಂಬಿಸಿದವನು! ಮೈಕನ್ನು ಬಾಯಿಗೆ ಒತ್ತಿಕೊಂಡ.

"ಮಹನೀಯರೇ, ನಮ್ಮ ಬೋಟು ಓಡೋಕ್ಕೆ ಮುಂಚೆ ಗಂಗಮ್ಮನಿಗೆ ಆತ್ಮಪ್ರದಕ್ಷಿಣೆ ಹಾಕ್ತಾ ಇದೆ. ಬೋಟಲ್ಲಿ ಇರೋರು ಪುಣ್ಯದಂಪತಿಗಳು. ಇಂಥ ವಾಸ್ತು ಇರೋ ಜಾಗ ಬೆಂಗಳೂರಲ್ಲಿ ಬೇರೆ ಎಲ್ಲೂ ಇಲ್ಲ."

ಎಂಟುನೂರು ಜನ ಎದ್ದು ನಿಂತರು. ಕೈ ಮುಗಿದರು. ಕೆಲವರು ತಾವೂ ನಿಂತಲ್ಲೇ ಒಂದು ಸುತ್ತು ಹಾಕಿದರು. ಪಕ್ಕದ ಟೇಬಲ್ಲಿನಲ್ಲಿ ಬುಕಿಂಗ್ ಫಾರಂ ತೀರಿಹೋಗಿ ಜೆರಾಕ್ಸಿಗೆ ಆಳು ಓಡಿದ.

"ರೀ" ಎಂದರು ಕಲ್ಯಾಣಮ್ಮ, ತಲೆ ಹಿಡಿದುಕೊಂಡು. "ಇದು ಎಡಕ್ಕೆ ಸುತ್ತುತಾ ಇದೆ. ಅಪ್ರದಕ್ಷಿಣೆ."

"ಮೆಲ್ಲಗೆ ಹೇಳೇ, ಜನ ಇನ್ನೂ ನೋಡ್ಕೊಂಡಿಲ್ಲ."

ಕೊನೆಗೆ ಫಕೀರೇಶ ಯಾರ ಅಪ್ಪಣೆಗೂ ಕಾಯದೆ ಎರಡೂ ಇಂಜಿನ್ನು ಆರಿಸಿದ. ಮೀನು ಹಿಡಿಯುವವರ ತೆಪ್ಪವೊಂದು ಬಂದು, ಆ ಮುನ್ನೂರು ಕುದುರೆಗಳ ಶಕ್ತಿಯ ಬೋಟಿಗೆ ಹಗ್ಗ ಕಟ್ಟಿ, ದಡಕ್ಕೆ ಎಳೆದು ತಂದಿತು. ಇಳಿದ ಮೇಲೂ ಚನ್ನವೀರಪ್ಪನವರ ಪಾಲಿಗೆ ಭೂಮಿ ತಿರುಗುತ್ತಲೇ ಇತ್ತು. ಇಪ್ಪತ್ತೆಂಟು ವರ್ಷ ದಿನಾ ಬೆಳಿಗ್ಗೆ ತೆಗೆದ ಬಾಗಿಲು. ಆದರೂ ಕೊಟ್ಟ ಮಾತು ಮಾತೇ. ಬೀಗದಕೈ ತೆಗೆದು, ಕಣ್ಣಿಗೆ ಕಾಣುತ್ತಿದ್ದ ಇಬ್ಬರು ಬಾಳೇಶರಲ್ಲಿ ಒಬ್ಬನ ಕಡೆ ಚಾಚಿದರು.

"ತಗೋಪ್ಪ, ಷೆಡ್ಡು ನಿಂದು."

ಬಾಳೇಶ ಎರಡು ಹೆಜ್ಜೆ ಹಿಂದೆ ಸರಿದ. "ಬೇಡ ಭಾವ. ಗೋಡೌನಿಗೆ ಅಂತ ಇಟ್ಟಿದ್ದ ದುಡ್ಡೆಲ್ಲ ಈಗ ತಾನೇ ಅಡ್ವಾನ್ಸ್ ಕೊಟ್ಬಿಟ್ಟೆ. ಮೂವತ್ತು ನಲವತ್ತರ ಸೈಟು, ನೀರಿಗೆ ಎದುರಿಗೇ. ಅಕ್ಕ ಭಾವನೇ ಪ್ರದಕ್ಷಿಣೆ ಹಾಕಿದ ಜಾಗ, ಬಿಡೋಕ್ಕಾಗುತ್ತಾ?"

ಚನ್ನವೀರಪ್ಪನವರಿಗೆ ಅರ್ಥವಾಗಲು ಅರೆನಿಮಿಷ ಬೇಕಾಯಿತು. ಅರ್ಥವಾದದ್ದೇ ತಡ, ಬಗ್ಗಿದ್ದ ಬೆನ್ನು ನೆಟ್ಟಗಾಯಿತು, ಎದೆ ಉಬ್ಬಿತು. "ನೋಡಿದ್ಯೇನೇ? ಕೊನೆಗೂ ಷೆಡ್ಡು ಉಳಿಸಿದ್ದು ನನ್ನ ಪ್ರೊಪೆಲ್ಲರೇ."

ಕಲ್ಯಾಣಮ್ಮ ಒದ್ದೆ ಸೆರಗನ್ನು ಹಿಂಡಿ ಕೈ ಚಾಚಿದರು. "ಉಳೀತು, ಸಂತೋಷ. ಬೀಗದಕೈ ಇಲ್ಲಿ ಕೊಡಿ."

ಕೊಟ್ಟರು. ಆಕೆ ಅದನ್ನು ಒಯ್ದು ಶಾಮಿಯಾನದ ಕಂಬಕ್ಕೆ ಒರಗಿ ನಿಂತಿದ್ದ ದೊಡ್ಡಹನುಮಯ್ಯನ ಕೈಯಲ್ಲಿ ಇಟ್ಟರು. "ನಾಳೆಯಿಂದ ಷೆಡ್ಡಿನ ಯಜಮಾನಿಕೆ ನಿಮ್ದು. ಇವರು ಎಂಟೂವರೆಗೆ ಬರ್ತಾರೆ. ಹೇಳಿದ ಕೆಲಸ ಮಾಡ್ಕೊಂಡಿರ್ತಾರೆ. ಲೇಟಾದ್ರೆ ಅರ್ಧ ದಿನ ರಜ ಹಾಕಿ."

ದೊಡ್ಡಹನುಮಯ್ಯ ಬೀಗದಕೈಯನ್ನು ಕಣ್ಣಿಗೊತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿದ. ಮಾಲೀಕರ ಕಡೆ ಒಮ್ಮೆ ಸಂಕೋಚದಿಂದ ನೋಡಿದ.

"ಆಗ್ಲಿ ಕಣಮ್ಮ. ಆದ್ರೆ ಹೊಸದಾಗಿ ಸೇರ್ಕಂಡೋರು ಆರು ತಿಂಗ್ಳು ಮಿಷನ್ ಮುಟ್ಟಂಗಿಲ್ಲ. ಕಸ ಗುಡಿಸ್ಬೇಕು, ಟೀ ತರ್ಬೇಕು, ಅಷ್ಟೇಯ. ಈ ರೂಲು ನಂದಲ್ಲಮ್ಮ, ಸಾರೇ ಮಾಡಿರೋದು."