ಪ್ರಿಂಟರಿಗೆ ಗಾಳಿ ಹೊಕ್ಕಾಗ

ಭಟ್ಕಳದಿಂದ ಕುಮಟೆಯವರೆಗೆ ಬೈಕಿನಲ್ಲಿ ತಿರುಗಿ ಇಂಕ್ ಪ್ರಿಂಟರ್ ರಿಪೇರಿ ಮಾಡುವುದು ನನ್ನ ಕಸುಬು. ಪ್ರಿಂಟರಿನ ಕಾಯಿಲೆ ಹಲವು. ನಗು ತರಿಸುವುದು ಮಾತ್ರ ಒಂದೇ, ಗಾಳಿಗುಳ್ಳೆ. ಪ್ರಿಂಟರ್ ಇಂಕನ್ನು ಸಣ್ಣ ತೂತುಗಳಿಂದ ಒತ್ತಿ ಹನಿಹನಿಯಾಗಿ ಹಾರಿಸುತ್ತದೆ. ನಡುವೆ ಗುಳ್ಳೆ ಕೂತರೆ ಒತ್ತಿದಾಗೆಲ್ಲ ಅದೇ ಕುಗ್ಗಿ ಹಿಗ್ಗುತ್ತದೆ, ಹನಿ ಹೊರಗೆ ಬೀಳುವುದಿಲ್ಲ. ಇಷ್ಟನ್ನು ಯಾರಿಗೆ ವಿವರಿಸಲು ಹೋದರೂ ಏನಾದರೊಂದು ಆಗಿಯೇ ಆಗುತ್ತದೆ.

ಕೆಂಪು ಕೃಷ್ಣ

ಹೊನ್ನಾವರದ ಅಂಗಡಿಯೊಂದರಲ್ಲಿ ಕರ್ಕಿಯ ಯಕ್ಷಗಾನದ ಪೋಸ್ಟರ್ ಅಚ್ಚಾಗುತ್ತಿತ್ತು. ನೀಲಿ ಇಂಕಿನ ದಾರಿಯಲ್ಲಿ ಗುಳ್ಳೆ ಹೊಕ್ಕು ಕೃಷ್ಣ ಕೆಂಪಗೆ ಬಂದಿದ್ದ. ಆಟ ಆಡಿಸುವ ಹಿರಿಯರು ಪೋಸ್ಟರನ್ನೇ ನೋಡುತ್ತಾ ಕೂತಿದ್ದರು. ನಾನು ಕಾರಣ ಹೇಳಿದೆ. ಗುಳ್ಳೆ ಎಷ್ಟು ದೊಡ್ಡದು ಎಂದು ವಿಚಾರಿಸಿದರು. ಸಾಸಿವೆಗಿಂತ ಸಣ್ಣದು ಎಂದೆ.

ಅವರು ನಿಟ್ಟುಸಿರು ಬಿಟ್ಟರು. "ಕಂಸ ಅಷ್ಟೆಲ್ಲ ರಾಕ್ಷಸರನ್ನು ಕಳಿಸಿದ. ಪಾಪ, ಒಂದು ಗುಳ್ಳೆ ಕಳಿಸಿದ್ರೆ ಸಾಕಿತ್ತು."

ಅತ್ತೆಯ ಕೈಗುಣ

ಮಿರ್ಜಾನದ ಟೀಚರೊಬ್ಬರು ಫೋನ್ ಮಾಡಿ, ಅಕ್ಷರಗಳ ನಡುವೆ ಬಿಳಿ ಗೆರೆ ಬರುತ್ತಿದೆ ಎಂದರು. ಪ್ರಿಂಟರಿಗೆ ಗಾಳಿ ಹೊಕ್ಕಿದೆ, ಯಾರೂ ಅಲ್ಲಾಡಿಸಬೇಡಿ, ನಾಳೆ ಬರುತ್ತೇನೆ ಎಂದೆ. ಫೋನು ಸ್ಪೀಕರಿನಲ್ಲಿತ್ತು. ಪಕ್ಕದಲ್ಲಿ ಅವರ ಅತ್ತೆ ಇದ್ದರು. ನಮ್ಮ ಕಡೆ ಹಿರಿಯರಿಗೆ ಗಾಳಿ ಹೊಕ್ಕಿತು ಎಂದರೆ ಅರ್ಥ ಒಂದೇ.

ಮರುದಿನ ಹೋದರೆ ಪ್ರಿಂಟರಿನ ತಲೆಯ ಮೇಲೆ ನಿಂಬೆಹಣ್ಣು, ವಯರಿಗೆ ಕರಿದಾರ. ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದ್ದೂ ಆಗಿತ್ತು. ಸ್ವಿಚ್ ಒತ್ತಿದೆ. ಅಕ್ಷರ ಮುತ್ತಿನಂತೆ ಬಂತು. ಸುಮ್ಮನೆ ಬಿಟ್ಟರೆ ಕೆಲವೊಮ್ಮೆ ಗುಳ್ಳೆ ತಾನಾಗಿಯೇ ಹೋಗುತ್ತದೆ ಎಂದು ವಿವರಿಸಿದೆ. ಅತ್ತೆ ಕರುಣೆಯಿಂದ ಕೇಳಿಸಿಕೊಂಡರು.

ಹೊರಡುವಾಗ ನನ್ನ ಬೈಕ್ ಸ್ಟಾರ್ಟ್ ಆಗಲಿಲ್ಲ. ತಿರುಗಿ ನೋಡಿದರೆ ಅತ್ತೆ ಇನ್ನೊಂದು ನಿಂಬೆಹಣ್ಣು ಹಿಡಿದು ಮೆಟ್ಟಿಲಿಳಿಯುತ್ತಿದ್ದರು.

ಹವಾಲ್ದಾರರ ಮೀಸೆ

ಭಟ್ಕಳದ ಬೇಕರಿಯಲ್ಲಿ ಕೇಕಿನ ಮೇಲೆ ಫೋಟೋ ಅಚ್ಚು ಹಾಕುವ ಪ್ರಿಂಟರ್ ಇದೆ. ಇಂಕು, ಕೇಕಿನ ಮೇಲೆ ಹಾಸುವ ಹಾಳೆ ಎರಡೂ ತಿನ್ನುವಂಥವು. ಅಂದು ನಿವೃತ್ತ ಹವಾಲ್ದಾರರೊಬ್ಬರ ಹುಟ್ಟುಹಬ್ಬ. ಊರೆಲ್ಲ ಬಲ್ಲ ಮೀಸೆ ಅವರದು. ಮೂಗಿನವರೆಗೆ ಸರಿಯಾಗಿ ಬಂದ ಕಪ್ಪು ಇಂಕು, ಮೀಸೆಯ ಜಾಗದಲ್ಲಿ ಗುಳ್ಳೆ ಸಿಕ್ಕಿ ನಿಂತುಬಿಟ್ಟಿತು. ತುಟಿಗೆ ಬಂದಾಗ ಮತ್ತೆ ಶುರುವಾಯಿತು. ಹಾಳೆ ಅದೊಂದೇ ಉಳಿದಿತ್ತು, ನಾನು ಬಂದು ಗುಳ್ಳೆ ತೆಗೆದರೂ ಮತ್ತೆ ಅಚ್ಚು ಹಾಕುವಂತಿರಲಿಲ್ಲ.

ಕೇಕ್ ಒಯ್ಯಲು ಬಂದ ಅಳಿಯನ ಮುಖ ಬಿಳಿಚಿತು. "ಮೀಸೆ ಇಲ್ಲದೆ ಒಯ್ದ್ರೆ ನಾನು ಆ ಮನೆಗೆ ಮತ್ತೆ ಹೋಗೂದು ಹೇಗೆ?"

"ಎಂತದೂ ಆಗೂದಿಲ್ಲ" ಎಂದು ಬೇಕರಿಯವರು ಚಾಕಲೇಟ್ ಕ್ರೀಮಿನಲ್ಲಿ ಮೀಸೆ ಬರೆದೇಬಿಟ್ಟರು. ಅಸಲಿಗಿಂತ ದಪ್ಪವಾಯಿತು. ಧೈರ್ಯಕ್ಕಿರಲಿ ಎಂದು ಅಳಿಯ ನನ್ನನ್ನೂ ಎಳೆದೊಯ್ದ.

ಹವಾಲ್ದಾರರು ಕೇಕ್ ನೋಡಿ ಹಿಗ್ಗಿಹೋದರು. ಎಲ್ಲಿಂದ ಬೇಕಾದರೂ ಕತ್ತರಿಸಿ, ಮೀಸೆಗೆ ಚಾಕು ತಾಗಬಾರದು ಎಂದು ಅಪ್ಪಣೆಯಾಯಿತು. ಕಿವಿ ಕತ್ತರಿಸಿದರು, ಗಲ್ಲ ಹಂಚಿದರು. ಕೊನೆಗೆ ತಟ್ಟೆಯಲ್ಲಿ ಮೂಗು, ಮೀಸೆ ಮಾತ್ರ ಉಳಿದವು. ಎಲ್ಲರೂ ಫೋಟೋಕ್ಕೆ ನಿಂತು ಕ್ಯಾಮೆರಾ ನೋಡುತ್ತಿದ್ದಾಗ ಸಣ್ಣ ಮೊಮ್ಮಗಳು ಬೆರಳಲ್ಲಿ ಮೀಸೆಯನ್ನು ಪೂರ್ತಿ ಬಳಿದು ಬಾಯಿಗಿಟ್ಟುಕೊಂಡು, "ಅಜ್ಜನ ಮೀಸೆ ಖಾಲಿ ಆತು" ಎಂದಳು.

ಹವಾಲ್ದಾರರು ಗಾಬರಿಯಾಗಿ ಎರಡೂ ಕೈಯಿಂದ ತಮ್ಮ ಮೀಸೆ ಮುಟ್ಟಿ ನೋಡಿಕೊಂಡರು.