ಮಾವನ ಕಾಂಗೋ ಆಲ್ಬಮ್ಮು

ನಮ್ಮ ಸೋದರಮಾವ ಕಾಂಗೋ ಕಾಡಿನಲ್ಲಿ ಆನೆಗೂ ಹೆದರಲಿಲ್ಲ, ಹಾವಿಗೂ ಹೆದರಲಿಲ್ಲ. ಆದರೆ ಅವರನ್ನು ಕಂಡರೆ ಅರ್ಧ ಪಾಂಡವಪುರವೇ ಹೆದರಿ ಪಕ್ಕದ ಬೀದಿಗೆ ತಿರುಗುತ್ತಿತ್ತು! ಕಂಕುಳಲ್ಲಿ ಆಲ್ಬಮ್ ಇರುತ್ತಿತ್ತಲ್ಲ!

ಅವರು ಹೋದದ್ದು ಬೋರ್‌ವೆಲ್ ಕೊರೆಯುವ ಕೆಲಸಕ್ಕೆ. ಕೆಲಸ ಮುಗಿದು ಜೊತೆಗಾರರೆಲ್ಲ ಊರಿಗೆ ಬಂದರು, ಇವರು ಬರಲಿಲ್ಲ. ಬೇಟೆಯಾಡಿ, ಜೇನು ಕಿತ್ತು ಬದುಕುವ ಕಾಡಿನ ಜನರ ಗುಡಿಸಲಲ್ಲಿ ಒಂದು ಮಳೆಗಾಲ ಪೂರ್ತಿ ಝಂಡಾ ಹೂಡಿಬಿಟ್ಟರು. ದಿನಚರಿಯನ್ನೂ ಬರೆದರು. ಅದರಲ್ಲೇನಿದೆ ಅಂತೀರಿ? ‘ಇವತ್ತು ಜೇನು. ಮುದ್ದೆ ಇಲ್ಲ.’ ಮಾರನೇ ದಿನ, ‘ಇವತ್ತು ಕಾಡುಹಂದಿ. ಮುದ್ದೆ ಇಲ್ಲ.’ ಹೀಗೇ ಮೂರು ನೋಟ್‌ಬುಕ್ಕು!

ಫೋಟೋಗಳ ಕತೆ ಇನ್ನೊಂದು. ಅರ್ಧದಲ್ಲಿ ಮಾವನ ಹೆಬ್ಬೆರಳಿದೆ, ಉಳಿದರ್ಧದಲ್ಲಿ ಬರೀ ಮರ.

“ಇದ್ರಲ್ಲಿ ನಾಕ್ ಜನ ಬೇಟೆಗಾರ್ರವ್ರೆ, ನೋಡ್ಲಾ.”

“ಯಾರೂ ಕಾಣಲ್ವಲ್ಲ ಮಾವ?”

“ಬೇಟೆಗಾರ್ರು ಕಣ್ಲಾ! ನಿಂಗೆ ಕಂಡ್ರೆ ಹಂದಿಗೆ ಕಾಣಲ್ವಾ?”

ಮನುಷ್ಯರು ಕಾಣುವುದು ಆಲ್ಬಮ್ಮಿನ ಒಂದೇ ಪುಟದಲ್ಲಿ, ಅದು ಮಾವನಿಗೆ ಪಂಚಪ್ರಾಣ. ಬೇಟೆಗಾರನೊಬ್ಬ ದೊಡ್ಡ ಹಂದಿ ಹೊತ್ತು ತಂದಿದ್ದಾನೆ, ಸುತ್ತ ನಿಂತವರು ಮೂಗು ಮುರಿಯುತ್ತಿದ್ದಾರೆ. “ಅಲ್ಲಿ ಒಗಳಂಗಿಲ್ಲ ಕಣ್ಲಾ. ‘ಇದೇನ್ ತಂದೆ, ಬರೀ ಮೂಳೆ! ಇದ್ಕಾ ಅಷ್ಟ್ ದೂರ ಓಗಿದ್ದೆ?’ ಅಂತ ಬೈಬೇಕು. ತಂದೋನ್ಗೆ ಕೊಬ್ಬು ಬರಬಾರದಲ್ಲ! ಎಷ್ಟ್ ಖುಷಿಯೋ ಅಷ್ಟ್ ಬೈಗುಳ.”

ಈ ಮಾತು ಕೇಳಿದವರು ಕಾಫಿ ಲೋಟ ಕೆಳಗಿಟ್ಟು ಎದ್ದು ಹೋಗುತ್ತಿದ್ದರು. ಅತ್ತೆಯಂತೂ ಬೆನ್ನು ಹಾಕಿ ಕೂತು, “ಶುರುವಾಯ್ತಾ ಕಾಂಗೋ?” ಎಂದು ರಾಗಿ ಕೇರುತ್ತಿದ್ದರು.

ಮಾವ ಸುಮ್ಮನಿರಬಾರದಿತ್ತೇ? ನನ್ನ ತಂಗಿಯ ಮದುವೆಯಾಗಿ ನಾಗಮಂಗಲದಲ್ಲಿ ಬೀಗರ ಊಟ. ಗಂಡಿನ ತಂದೆ ತಾವೇ ಪಂಕ್ತಿಗೆ ಬಂದು, “ಬಾಡು ಎಂಗದೆ ಬೀಗ್ರೆ?” ಎಂದು ಕೇಳಿದರು. ಮಾವ ನಲ್ಲಿಮೂಳೆ ಚೀಪುತ್ತಾ ಪರಮಾನಂದದಲ್ಲಿ ಕೂಗಿದರು: “ಏನ್ ಬಾಡೋ! ಬರೀ ಮೂಳೆ! ಇದ್ಕಾ ನಾವು ಅಷ್ಟ್ ದೂರದಿಂದ ಬಂದಿದ್ದು?”

ಪಂಕ್ತಿಯಲ್ಲಿ ಎತ್ತಿದ ಕೈಗಳೆಲ್ಲ ಅಲ್ಲೇ ನಿಂತವು. ಬೀಗರ ಮುಖ ಸಾರಿಗಿಂತ ಕೆಂಪಾಯಿತು.

“ಕಾಂಗೋದಲ್ಲಿ ಇದು ಮರ್ವಾದೆ ಬೀಗ್ರೆ...”

“ಅಂಗಾರೆ ಕಾಂಗೋಗೇ ಓಗಿ ಉಣ್ಣಿ!”

ಅಮ್ಮ ಕೈಮುಗಿದು ಕಾಲು ಹಿಡಿದು ಸಂಬಂಧ ಉಳಿಸಿದಳು. ಆಲ್ಬಮ್ ಅಟ್ಟ ಸೇರಿತು. ಆಮೇಲೆ ಮಾವ ಯಾರಿಗೂ ಏನೂ ತೋರಿಸಲಿಲ್ಲ. ಪಕ್ಕದ ಬೀದಿಗೆ ತಿರುಗುತ್ತಿದ್ದವರಿಗೇ ಬೇಜಾರಾಗುವಷ್ಟು ಮಂಕಾದರು.

ಹೋದ ವರ್ಷ ಮಾವನಿಗೆ ಎದೆಯ ಆಪರೇಷನ್ ಆಯಿತು. ಮೈಸೂರಿನ ಆಸ್ಪತ್ರೆಯಿಂದ ನಾನೇ ಕಾರಿನಲ್ಲಿ ಕರೆತಂದೆ. ಅಂಗಿಯೊಳಗೆ ಮನುಷ್ಯ ಇದ್ದಾರೋ ಇಲ್ಲವೋ ಎನ್ನುವಷ್ಟು ಇಳಿದುಹೋಗಿದ್ದರು. ಶ್ರೀರಂಗಪಟ್ಟಣದ ಹೊಳೆ ದಾಟುವಾಗ ಒಂದೇ ಮಾತಾಡಿದರು: “ಅಷ್ಟ್ ದೂರ ಓಗ್ಬಂದೆ. ಒಬ್ರಾದ್ರೂ ಪೂರ್ತಿ ಕೇಳಿಸ್ಕಳ್ನಿಲ್ವಲ್ಲ ಕಣ್ಲಾ.”

ಬಾಗಿಲಲ್ಲಿ ಅತ್ತೆ ನಿಂತಿದ್ದರು. ನನ್ನ ಹೆಗಲು ಹಿಡಿದು ಇಳಿದ ಮಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮೂಗು ಮುರಿದರು.

“ಇದೇನ್ಲಾ ತಂದೆ? ಬರೀ ಮೂಳೆ! ಇದ್ಕಾ ಅಷ್ಟ್ ದೂರ ಓಗಿದ್ದೆ?”

ಬೈಗುಳ ಜೋರಾಗಿಯೇ ಇತ್ತು. ಮಾವ ಹೊಸಿಲಲ್ಲೇ ನಿಂತುಬಿಟ್ಟರು. ನನ್ನ ತೋಳು ಗಟ್ಟಿಯಾಗಿ ಹಿಡಿದು, ಮಗುವಿನ ಹಾಗೆ ಅಳುತ್ತಾ ನಗುತ್ತಾ ಹೇಳಿದರು: “ಲೇ, ಇವ್ಳು ಕೇಳಿಸ್ಕಂಡವ್ಳೆ ಕಣ್ಲಾ! ಪೂರ್ತಿ ಕೇಳಿಸ್ಕಂಡವ್ಳೆ!”

ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಮುದ್ದೆಗೆ ಎಸರಿಡಲು ಒಳಗೆ ಹೋದರು.