ಹನ್ನೊಂದು ಸ್ಟಾಪಿನ ನಾಯಿ

ಹತ್ತು ಟನ್ನಿನ ಬಸ್ಸನ್ನ ಒಂದೇ ಕಾಲಲ್ಲಿ ನಿಲ್ಲಿಸೋ ಮನುಷ್ಯನಿಗೆ ಇಪ್ಪತ್ತು ಕೆಜಿ ನಾಯೀನ ಎರಡು ಕೈಲೂ ನಿಲ್ಲಿಸೋಕೆ ಆಗ್ತಿಲ್ಲ ಅಂದ್ರೆ ಯಾರ ಹತ್ರ ಹೇಳ್ಕೊಳ್ಳೋದು. ನಮ್ಮ ಡ್ರೈವರಪ್ಪನ ಸಂಕಟ ಇದೇ.

ಇಪ್ಪತ್ತೆರಡು ವರ್ಷ ಸರ್ವೀಸು. ಒಂದು ಸೈಕಲ್ಲಿಗೂ ಬಸ್ಸು ತಾಗಿಸಿಲ್ಲ. ಅವನು ಬ್ರೇಕ್ ಹಾಕಿದ್ರೆ ನಿಂತಿರೋ ಜನ ಮುಂದಕ್ಕೆ ಬಾಗೋದೂ ಇಲ್ಲ ಅಂತ ಡಿಪೋದಲ್ಲೆಲ್ಲ ಹೆಸರು. ಮನೆ ನಾಯಿಗೆ ಈ ಹೆಸರಿನ ವಿಷಯ ಯಾರೂ ಹೇಳಿರಲಿಲ್ಲ. ನಾಯಿ ಹೆಸರು ಗೂಳಿ. ಮರಿಯಾಗಿದ್ದಾಗ ಬೇರೆ ಏನೋ ಮುದ್ದಿನ ಹೆಸರಿತ್ತು. ಹಗ್ಗ ಹಾಕಿ ಬೀದಿಗೆ ಕರ್ಕೊಂಡು ಹೋದ ಮೊದಲನೇ ದಿನವೇ ಆ ಹೆಸರು ಹೋಗಿ ಈ ಹೆಸರು ಬಂತು.

ಗೂಳಿಗೆ ಮುಂದೆ ಹೋಗೋದು ಗೊತ್ತು. ನಿಲ್ಲೋದು ಗೊತ್ತಿಲ್ಲ. ಜೊತೇಲಿದ್ದವರು ನಿಂತ್ರೆ ಅದು ಅವರ ಸ್ವಂತ ವಿಚಾರ, ನಂಗ್ಯಾಕೆ ಅನ್ನೋ ಥರದ ನಾಯಿ.

ಒಂದು ಸೋಮವಾರ ಬೆಳಿಗ್ಗೆ ಡ್ರೈವರಪ್ಪನ ಹೆಂಡತಿ ರಸ್ತೆ ದಾಟೋಕೆ ಅಂತ ಸಿಗ್ನಲ್ ಹತ್ರ ನಿಂತ್ಲು. ಗೂಳಿ ನಿಲ್ಲಲಿಲ್ಲ. ಆಚೆ ಬದೀಲಿ ಬೆಕ್ಕು ಕಂಡಿತ್ತು. ಅವಳು ಮೊಣಕಾಲೂರಿ ಬಿದ್ದು ಬಲಗೈ ಮಣಿಕಟ್ಟು ಉಳುಕಿಸ್ಕೊಂಡ್ಲು. ಅವಳು ಮನೇಲಿ ಶಾಲೆ ಮಕ್ಕಳ ಯೂನಿಫಾರ್ಮು ಹೊಲಿಯೋಳು. ಬಲಗೈ ಇಲ್ಲದಿದ್ರೆ ಮೆಷಿನ್ನು ಇದ್ದೂ ಇಲ್ಲ. ಕತ್ತರಿಸಿಟ್ಟ ನಲವತ್ತು ಚಡ್ಡಿ ಮೇಜಿನ ಮೇಲೆ ಹಾಗೇ ಕೂತ್ವು. (ಚಡ್ಡಿಗಳಾದ್ರೂ ಹೇಳದೇನೇ ಕೂರ್ತವೆ, ಈ ನಾಯಿ ಕೂರಲ್ಲ ಅಂತ ಅವಳೇ ಅಂದಿದ್ದು.)

ಅವತ್ತೇ ಅವಳು ಅಣ್ಣನಿಗೆ ಫೋನ್ ಮಾಡಿದ್ಲು. ಅಣ್ಣನದು ಊರಾಚೆ ಕೋಳಿ ಶೆಡ್ಡು. ಕಾವಲಿಗೆ ಒಂದು ನಾಯಿ ಬೇಕಿತ್ತು, ಚೈನಲ್ಲಿ ಕಟ್ಟಿ ಹಾಕ್ತೀನಿ, ಎಲ್ಲಿಗೆ ಓಡುತ್ತೆ ನೋಡೋಣ ಅಂದ ಡ್ರೈವರಪ್ಪನ ಈ ಭಾವ.

ಡ್ರೈವರಪ್ಪ ಹೆಚ್ಚು ಮಾತಾಡೋನಲ್ಲ. ಅವತ್ತು ಊಟ ಬಿಟ್ಟ. ಅದೇ ಅವನ ಭಾಷಣ. ಪಾಳಿ ಮುಗಿಸಿ ಬಂದು ಅವನು ಕುರ್ಚೀಲಿ ಕೂತ್ರೆ ಗೂಳಿ ಅವನ ಬೂಟಿನ ಮೇಲೆ ತಲೆ ಇಟ್ಟು ಮಲಗುತ್ತೆ. ಬೂಟು ಬಿಚ್ಚೋಕೆ ಬಿಡಲ್ಲ. ಅವನೂ ಬಿಚ್ಚಲ್ಲ. ಅಂಥ ನಾಯೀನ ಕೋಳಿ ಕಾಯೋಕೆ ಕಳಿಸೋದಾ.

"ಹದಿನೈದು ದಿನ ಕೊಡು," ಅಂದ ಹೆಂಡತಿಗೆ. "ನಾವು ನಿಂತ್ರೆ ಅದು ಕೂರಬೇಕು. ಅಷ್ಟೇ ತಾನೆ?"

"ನಾವಲ್ಲ. ನಾನು ನಿಂತ್ರೆ ಕೂರಬೇಕು. ದಿನಾ ಸುತ್ತಾಡಿಸೋಳು ನಾನು."

"ಇಬ್ಬರಿಗೂ ಕೂರುತ್ತೆ."

"ಕೂರದಿದ್ರೆ ಹದಿನಾರನೇ ದಿನ ಅಣ್ಣ ವ್ಯಾನು ತರ್ತಾನೆ. ಆಮೇಲೆ ಊಟ ಬಿಟ್ರೆ ನಾನು ಕೇಳೋಳಲ್ಲ."

ಡಿಪೋದ ವಾಚ್‌ಮನ್ ಮೊದಲು ನಾಯಿಗಳನ್ನ ಸಾಕಿದ್ದೋನು. ಅವನು ವಿದ್ಯೆ ಹೇಳಿಕೊಟ್ಟ. ನಡಿ, ನಿಲ್ಲು. ಬಿಸ್ಕತ್ ಚೂರನ್ನ ಮೂಗಿನ ಹತ್ರ ಹಿಡಿದು ತಲೆ ಮೇಲಕ್ಕೆ ಒಯ್ಯಿ. ನಾಯಿ ತಲೆ ಎತ್ತುತ್ತೆ, ಕುಂಡೆ ತಾನಾಗೇ ಕೆಳಗೆ ಹೋಗುತ್ತೆ. ಕೂತ ಕೂಡಲೇ ಬಿಸ್ಕತ್ ಕೊಡು. ಎಲ್ಲೆಲ್ಲಿ ನಿಲ್ತೀಯೋ ಅಲ್ಲೆಲ್ಲ ಇದೇ ಮಾಡು.

ಎಲ್ಲೆಲ್ಲಿ ನಿಲ್ತೀಯೋ ಅಂದಿದ್ದು ಡ್ರೈವರಪ್ಪನಿಗೆ ಚೆನ್ನಾಗಿ ಅರ್ಥ ಆಯ್ತು.

ಆ ಹದಿನೈದು ದಿನ ಅವನು ಮಧ್ಯಾಹ್ನದ ಪಾಳಿ ಕೇಳಿ ಹಾಕಿಸ್ಕೊಂಡ. ಬೆಳಗಾದ್ರೆ ಗೂಳೀನ ಮೇನ್ ರೋಡಿಗೆ ಕರ್ಕೊಂಡು ಹೊರಡೋನು. ಮನೆಯಿಂದ ಡಿಪೋವರೆಗೆ ಹನ್ನೊಂದು ಸ್ಟಾಪು. ಒಂದೊಂದು ಸ್ಟಾಪಲ್ಲೂ ನಿಲ್ಲೋನು. ಸುಮ್ಮನೆ ನಿಲ್ಲೋದಲ್ಲ, ಸ್ಟಾಪಿನ ಕಂಬಕ್ಕೆ ಸರಿಯಾಗಿ ನಾಯಿ ಮುಂಗಾಲು ಬರಬೇಕು. ಮೊದಲನೇ ದಿನ ಗೂಳಿ ಒಂದು ಪ್ಯಾಕೆಟ್ ಬಿಸ್ಕತ್ ನಿಂತುಕೊಂಡೇ ತಿಂತು. ನಾಲ್ಕನೇ ದಿನಕ್ಕೆ ಆರು ಸ್ಟಾಪಲ್ಲಿ ಕೂತ್ಕೊಂಡ್ತು. ಹತ್ತನೇ ದಿನಕ್ಕೆ ಹನ್ನೊಂದಕ್ಕೆ ಹನ್ನೊಂದು. ಬಿಸ್ಕತ್ ಎತ್ತಬೇಕಾಗೂ ಇರಲಿಲ್ಲ. ದೂರದಲ್ಲಿ ಕಂಬ ಕಂಡರೆ ಸಾಕು, ಗೂಳಿ ತಾನೇ ನಿಧಾನ ಮಾಡೋದು, ಎಡಕ್ಕೆ ಬರೋದು, ಕೂರೋದು. ಅವನು ತನ್ನ ತೊಡೆ ಮೇಲೆ ಎರಡು ಸಲ ತಟ್ಟಿದ್ರೆ ಎದ್ದು ಹೊರಡೋದು. ಡಿಪೋದಲ್ಲಿ ಹೊಸದಾಗಿ ಸೇರಿದ ಹುಡುಗರಿಗೂ ಇಷ್ಟು ನೀಟಾಗಿ ನಿಲ್ಲಿಸೋಕೆ ಬರಲ್ಲ ಅಂದ್ಕೊಂಡ ಡ್ರೈವರಪ್ಪ.

ಎದೆ ಎರಡಿಂಚು ಹಿಗ್ಗಿತು. ವಾಚ್‌ಮನ್ನಿಗೆ ಹೇಳಿದ, ಕಂಡಕ್ಟರಿಗೆ ಹೇಳಿದ. ಕಂಡಕ್ಟರು ಟಿಕೆಟ್ ಕೊಡ್ತಾ ಕೊಡ್ತಾ ಈ ಶ್ವಾನ ವಿದ್ಯಾಭ್ಯಾಸದ ಸಮಾಚಾರವನ್ನ ಬಸ್ಸಿಗೆಲ್ಲ ಹಂಚಿದ. ನಮ್ಮ ಗಲ್ಲೀಲೂ ಒಂದ್ಸಲ ನಿಲ್ಲಿಸಿ ನೋಡಿದ್ರಾ ಅಂತ ಹೆಂಡತಿ ಕೇಳಿದ್ಲು. ಹನ್ನೊಂದು ಕಡೆ ಕೂತ ನಾಯಿಗೆ ಹನ್ನೆರಡನೇದು ಯಾವ ಮಹಾ ಅಂದುಬಿಟ್ಟ.

ಹದಿನಾರನೇ ದಿನ ಭಾವ ಬಂದ. ಗಲ್ಲಿಗೆ ವ್ಯಾನು ನುಗ್ಗಲ್ಲ, ಮೇನ್ ರೋಡಲ್ಲೇ ನಿಲ್ಲಿಸಿ, ಹೊಸ ಚೈನನ್ನ ಹೆಗಲಿಗೆ ಹಾಕ್ಕೊಂಡು ನಡೆದು ಬಂದ. ಡ್ರೈವರಪ್ಪನಿಗೆ ಅವತ್ತು ವಾರದ ರಜ. ಆದ್ರೂ ಇಸ್ತ್ರಿ ಮಾಡಿದ ಯೂನಿಫಾರ್ಮ್ ಹಾಕ್ಕೊಂಡಿದ್ದ. ಪರೀಕ್ಷೆ ಹೇಗೆ ಅಂತ ಹೆಂಡತಿ ಮೊದಲೇ ಹೇಳಿದ್ಲು. ಹಗ್ಗ ಅವಳ ಎಡಗೈಲಿ. ಗಂಡ ಹತ್ತು ಹೆಜ್ಜೆ ಹಿಂದೆ. ಮಾತಿಲ್ಲ, ಬಿಸ್ಕತ್ತಿಲ್ಲ, ಕೈಸನ್ನೆ ಇಲ್ಲ.

ಗಲ್ಲಿಯ ಸೈಕಲ್ ಅಂಗಡಿ ಮುಂದೆ ಅವಳು ನಿಂತ್ಲು. ಗೂಳಿ ಹಗ್ಗ ಮುಗಿಯೋವರೆಗೆ ಹೋಗಿ, ಹಗ್ಗ ಮುಗಿದ ಮೇಲೂ ಹೋಗೋಕೆ ನೋಡ್ತು. "ಒಂದು," ಅಂದ ಭಾವ. ಹಾಲಿನ ಅಂಗಡಿ ಮುಂದೆ ನಿಂತ್ಲು. ಗೂಳಿ ಅಂಗಡಿ ಒಳಗೆ ಹೋಯ್ತು. "ಎರಡು." ಸಿಗ್ನಲ್ ಹತ್ರ ಅವಳು ಹಗ್ಗಾನ ದೀಪದ ಕಂಬಕ್ಕೆ ಒಂದು ಸುತ್ತು ಹಾಕ್ಕೊಂಡೇ ನಿಂತ್ಲು. ಒಮ್ಮೆ ಬಿದ್ದೋಳು. ಗೂಳಿ ಉಳಿದ ಸುತ್ತೆಲ್ಲ ತಾನೇ ಹಾಕ್ತು. ಭಾವ ಮೂರು ಅನ್ನಲಿಲ್ಲ, ಚೈನಿನ ಕೊಕ್ಕೆ ಬಿಚ್ಚೋಕೆ ಶುರು ಮಾಡಿದ.

ಹತ್ತು ಹೆಜ್ಜೆ ಹಿಂದೆ ಡ್ರೈವರಪ್ಪನ ಮುಖ ನೋಡೋ ಹಾಗಿರಲಿಲ್ಲ. ಅವನ ಯೂನಿಫಾರ್ಮಿನ ಇಸ್ತ್ರಿ ಒಂದೇ ನೆಟ್ಟಗೆ ನಿಂತಿತ್ತು.

ಇನ್ನೇನು, ಎಲ್ಲರೂ ಮೇನ್ ರೋಡಲ್ಲಿ ವ್ಯಾನಿನ ಕಡೆ ಹೊರಟ್ರು. ಹೆಂಡತಿ ಬೇಗ ಬೇಗ ನಡೀತಿದ್ಲು. (ಅವಳಿಗೂ ಕಣ್ಣು ತುಂಬಿತ್ತು, ಆದ್ರೆ ಯಾರಿಗೂ ತೋರಿಸೋಳಲ್ಲ.) ಇದ್ದಕ್ಕಿದ್ದ ಹಾಗೆ ಗೂಳಿ ನಿಧಾನ ಮಾಡ್ತು, ಎಡಕ್ಕೆ ಬಂತು, ಧಪ್ ಅಂತ ಕೂತ್ಬಿಡ್ತು. ಅವಳು ನಿಂತಿರಲಿಲ್ಲ. ಮೊದಲ ಸಲ ಮುಂದಕ್ಕೆ ಬಿದ್ದೋಳು ಈ ಸಲ ಹಿಂದಕ್ಕೆ ಬೀಳೋದ್ರಲ್ಲಿದ್ಲು.

ಭಾವ ಹಗ್ಗ ತಗೊಂಡು ಎಳೆದ. ಕಲ್ಲು. ಹಿಂದಿನಿಂದ ತಳ್ಳಿದ. ಬಂಡೆ. ಬಸ್ಸಿಗೆ ಕಾಯ್ತಿದ್ದ ಜನ ಜಾಗ ಬಿಟ್ಟು ನೋಡೋಕೆ ನಿಂತ್ರು. ಗೂಳಿಯ ಮುಂಗಾಲು ಸ್ಟಾಪಿನ ಕಂಬಕ್ಕೆ ದಾರ ಹಿಡಿದ ಹಾಗೆ ಸರಿಯಾಗಿತ್ತು.

ಹೆಂಡತಿ ಕಂಬ ನೋಡಿದ್ಲು. ನಾಯಿ ನೋಡಿದ್ಲು. ಆಮೇಲೆ ತಿರುಗಿ ಗಂಡನ್ನ ನೋಡಿದ್ಲು.

"ಎಲ್ಲಿ ಕಲಿಸಿದ್ರಿ ಇದಕ್ಕೆ?"

"ಮೇನ್ ರೋಡಲ್ಲಿ."

"ಮೇನ್ ರೋಡಲ್ಲಿ ಎಲ್ಲಿ?"

"ಸ್ಟಾಪಲ್ಲಿ."

"ಬರೀ ಸ್ಟಾಪಲ್ಲೇನಾ?"

"ಮತ್ತೆಲ್ಲಿ ನಿಲ್ಲೋದು?" ಅಂದ ಡ್ರೈವರಪ್ಪ. ಅವನಿಗೆ ನಿಜವಾಗ್ಲೂ ಗೊತ್ತಾಗಲಿಲ್ಲ. "ಕಂಡ ಕಂಡಲ್ಲಿ ನಿಲ್ಲಿಸಿದ್ರೆ ಡಿಪೋದಲ್ಲಿ ಮೆಮೊ ಕೊಡ್ತಾರೆ."

ಅವಳು ಸ್ಟಾಪಿನ ಬೆಂಚ್ ಮೇಲೆ ಕೂತು ನಕ್ಕಿದ್ದೇ ನಕ್ಕಿದ್ದು. ಕಾಯ್ತಿದ್ದ ಜನಕ್ಕೂ ನಗು ಹತ್ತಿಕೊಂಡ್ತು. ಆ ಗಲಾಟೇಲೂ ಗೂಳಿ ಅಲ್ಲಾಡಲಿಲ್ಲ.

"ಅಣ್ಣಾ," ಅಂದ್ಲು ಕಣ್ಣೊರೆಸ್ಕೊಂಡು, "ನಾಯಿ ದಡ್ಡ ಅಲ್ಲ. ಹೇಳಿಕೊಟ್ಟಿದ್ದನ್ನ ಒಂದಕ್ಷರ ಬಿಡದೆ ಕಲಿತಿದೆ. ಅದು ನನ್ನ ಹತ್ರಾನೇ ಇರಲಿ. ಬೇಕಾದ್ರೆ ಇವರನ್ನ ಕರ್ಕೊಂಡು ಹೋಗು."

ಭಾವ ಡ್ರೈವರಪ್ಪನ್ನ ಮೇಲಿಂದ ಕೆಳಗೆ ಒಂದ್ಸಲ ನೋಡಿದ. ಕೋಳಿ ಶೆಡ್ಡಿಗೆ ಆಗಲ್ಲ, ಬೊಗಳೋದೇ ಇಲ್ಲ ಅಂದ. ಚೈನು ಸುತ್ತಿ ವ್ಯಾನಿಗೆ ಎಸೆದು ಹೊರಟುಹೋದ.

ಮಾರನೇ ದಿನದಿಂದ ಮೇಷ್ಟ್ರು ಬದಲಾದ್ರು. ಅವಳು ಅಡುಗೆಮನೆ ಬಾಗಿಲಲ್ಲಿ ನಿಂತ್ಲು, ಮೆಷಿನ್ ಪಕ್ಕ ನಿಂತ್ಲು, ಗೇಟಲ್ಲಿ, ಮೋರಿ ಹತ್ರ, ಯಾರ್ಯಾರದೋ ಮನೆ ಮುಂದೆ, ಏನೂ ಇಲ್ಲದ ಬೀದಿ ಮಧ್ಯ. ನಿಂತಲ್ಲೆಲ್ಲ ಗೂಳಿ ಕೂತ್ರೆ ಬ್ರೆಡ್ ಚೂರು. ಎಡಗೈಯನ್ನ ಸೊಂಟದ ಹತ್ರದಿಂದ ಮುಂದಕ್ಕೆ ಒಂದ್ಸಲ ಬೀಸಿದ್ರೆ ಹೊರಡು ಅಂತ. ಬಸ್ ಸ್ಟಾಪು ಬಂದ್ರೆ ಮಾತ್ರ ನಿಲ್ಲದೇ ಹೋಗ್ತಿದ್ಲು. ಜೊತೇಲಿ ನಡೆಯೋ ಡ್ರೈವರಪ್ಪನಿಗೆ ಅದೊಂದು ಕಷ್ಟ. ಕಂಬ ಕಂಡ್ರೆ ಅವನ ಕಾಲು ನಿಧಾನ ಆಗೋದು, ಅವಳು ತೋಳು ಹಿಡಿದು ಎಳೆಯೋಳು. ಗೂಳಿಗೆ ಸ್ಟಾಪು ಮರೆಯೋಕೆ ಒಂದು ವಾರ ಬೇಕಾಯ್ತು. ಅವನು ಇನ್ನೂ ಮರೆತಿಲ್ಲ.

ಅಂತೂ ಒಂದು ತಿಂಗಳಲ್ಲಿ ಗೂಳಿ, ಅವಳು ಎಲ್ಲಿ ನಿಂತ್ರೂ ಕೂರೋ ನಾಯಿ ಆಯ್ತು. ಅವಳ ಕೈಯೂ ವಾಸಿಯಾಗಿ ನಲವತ್ತು ಚಡ್ಡಿ ಶಾಲೆ ಸೇರಿದ್ವು. ಡಿಪೋದಲ್ಲಿ ಯಾರಾದ್ರೂ ಕೇಳಿದ್ರೆ, ಅಡಿಪಾಯ ನಂದು ಅಂತಾನೆ ಡ್ರೈವರಪ್ಪ.

ಮೊನ್ನೆ ಬೆಳಿಗ್ಗೆ ಬಸ್ಸು ತುಂಬ ಜನ. ಸಿಗ್ನಲಲ್ಲಿ ಕೆಂಪು ದೀಪ ಬಿತ್ತು. ನಿಲ್ಲಿಸಿ ಎಡಕ್ಕೆ ನೋಡ್ತಾನೆ, ಹೆಂಡತಿ, ಗೂಳಿ. ರಸ್ತೆ ಅಂಚಲ್ಲಿ ಅವಳು ನಿಂತ್ಲು. ಅದು ಕೂತ್ಕೊಂಡ್ತು. ಹಗ್ಗ ಸಡಿಲವಾಗಿ ಜೋತುಬಿದ್ದಿತ್ತು. ಡ್ರೈವರಪ್ಪ ಸೀಟಲ್ಲೇ ತಿರುಗಿ, ಮುಂದಿನ ಸಾಲಿನವರಿಗೆಲ್ಲ ಬೆರಳು ಮಾಡಿ ತೋರಿಸಿದ. "ನಮ್ಮನೇದು," ಅಂದ. ಅವತ್ತೆಲ್ಲ ಅವನು ಆಡಿದ ಮಾತು ಅದೊಂದೇ.

ಇಬ್ಬರೂ ರಸ್ತೆ ದಾಟಿದ್ರು. ಆಚೆ ಅಂಚಲ್ಲಿ ಅವಳು ಸೆರಗು ಸರಿಮಾಡ್ಕೊಳ್ಳೋಕೆ ನಿಂತ್ಲು, ಗೂಳಿ ಮತ್ತೆ ಕೂತ್ಕೊಂಡ್ತು. ಡ್ರೈವರಪ್ಪ ನೋಡ್ತಾನೇ ಇದ್ದ. ಹಸಿರು ದೀಪ ಬಂತು. ಕಂಡಕ್ಟರು ಎರಡು ಸಲ ಬೆಲ್ ಹೊಡೆದ, ಇನ್ನೆರಡು ಸಲ ಹೊಡೆದ. ಹಿಂದಿನ ಲಾರಿ, ಅದರ ಹಿಂದಿನ ಕಾರು, ಎಲ್ಲ ಹಾರ್ನ್ ಮಾಡಿದ್ವು. ಬಸ್ಸು ಅಲ್ಲಾಡಲಿಲ್ಲ.

ಅವಳು ತಿರುಗಿ ನೋಡಿದ್ಲು. ಬಸ್ಸು ನೋಡಿದ್ಲು, ಹಿಂದೆ ಬೆಳೆದಿದ್ದ ಸಾಲು ನೋಡಿದ್ಲು. ಆಮೇಲೆ ಎಡಗೈಯನ್ನ ಸೊಂಟದ ಹತ್ರದಿಂದ ಮುಂದಕ್ಕೆ ಒಂದ್ಸಲ ಬೀಸಿದ್ಲು.

ಗೂಳಿ ಎದ್ದು ಹೊರಡ್ತು. ಬಸ್ಸೂ ಹೊರಡ್ತು.